ಎದುರುಮನೆಯ ಕರೆಂಟು

ಬಿರುಗಾಳಿ ಬೀಸುವಾಗ ನಮಗೆಲ್ಲ ಜೀವಭಯ ಇರುತ್ತದೆ. ಬಾಗಿಲು ಹಾಕಿಕೊಂಡು, ಮಕ್ಕಳನ್ನು ತಬ್ಬಿಕೊಂಡು, ಮನೆದೇವರನ್ನು ನೆನೆಯುತ್ತಾ ಕೂತಿರುತ್ತೇವೆ. ಗಾಳಿ ನಿಂತ ಮರುಗಳಿಗೆ ಭಯವೂ ಹೊರಟುಹೋಗುತ್ತದೆ. ಒಬ್ಬರು ಪೊರಕೆ ಹಿಡಿದು, ಇನ್ನೊಬ್ಬರು ಏಣಿ ಹೊತ್ತುಕೊಂಡು ಹೊರಗೆ ಓಡಿಬರುತ್ತೇವೆ. ಭಯ ಪಡಬೇಕಾದ ಹೊತ್ತು ಅದೇ ಅಂತ ಗರುಡಾಚಾರ್‌ಪಾಳ್ಯದ ಗೋವಿಂದಮ್ಮನಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

ಗೋವಿಂದಮ್ಮ ಮತ್ತು ಅವಳ ಗಂಡ ಚಿಕ್ಕಮುನಿಯಪ್ಪ ಆ ಊರಿನ ಹಳಬರು. ಸುತ್ತಮುತ್ತ ಫ್ಯಾಕ್ಟರಿಗಳು ಎದ್ದು, ಎಲ್ಲೆಲ್ಲಿಂದಲೋ ಜನ ಕೆಲಸ ಹುಡುಕಿಕೊಂಡು ಬರತೊಡಗಿದ ಮೇಲೆ, ತಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಸಾಲಾಗಿ ಕೆಲವು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಇಟ್ಟಿಗೆಯ ಗೋಡೆ, ತಗಡಿನ ಬಾಗಿಲು, ಮೇಲೆ ತಗಡಿನ ಶೀಟು. ಗಾಳಿಗೆ ಶೀಟು ಹಾರದಿರಲೆಂದು ಚಿಕ್ಕಮುನಿಯಪ್ಪ ಅದರ ಮೇಲೆ ದಪ್ಪ ದಪ್ಪ ಕಲ್ಲು ಹೇರಿದ್ದ. ಆ ಕಲ್ಲುಗಳ ಬಗ್ಗೆ ಅವನಿಗೆ ಭಾರಿ ಹೆಮ್ಮೆ.

ಕೊನೆಯ ರೂಮಿನಲ್ಲಿ ರಾಯಚೂರು ಕಡೆಯ ದುರ್ಗೇಶ, ಪೀರಮ್ಮ ಗಂಡಹೆಂಡಿರಿದ್ದರು. ದುರ್ಗೇಶ ಗಾರೆ ಕೆಲಸದವನು. ಪೀರಮ್ಮ ಆಗಷ್ಟೇ ಹೆತ್ತಿದ್ದಳು, ಇನ್ನೂ ಪುರುಡು ಕಳೆದಿರಲಿಲ್ಲ. ಹಸಿ ಬಾಣಂತಿ, ಕೂಸು ಹಿಡಿಯಷ್ಟಿತ್ತು. ತವರಿನಿಂದ ಯಾರಿಗೂ ಬರಲಾಗದ್ದರಿಂದ ಗೋವಿಂದಮ್ಮನೇ ಬಿಸಿನೀರು ಕಾಯಿಸಿಕೊಟ್ಟು, ಸೊಪ್ಪಿನ ಸಾರು ಮಾಡಿಕೊಟ್ಟು ನೋಡಿಕೊಳ್ಳುತ್ತಿದ್ದಳು.

ಆ ಬೀದಿಯ ಕರೆಂಟಿನ ವಿಷಯ ಸ್ವಲ್ಪ ಹೇಳಬೇಕು. ಗೋವಿಂದಮ್ಮನ ಸಾಲಿನ ಮನೆಗಳಿಗೆ ಒಂದು ಫೇಸು, ಎದುರು ಸಾಲಿಗೆ ಇನ್ನೊಂದು. ಈ ಕಡೆ ಹೋದಾಗ ಆ ಕಡೆ ಇರುತ್ತಿತ್ತು, ಆ ಕಡೆ ಹೋದಾಗ ಈ ಕಡೆ. ಇದಕ್ಕೆ ಬೀದಿಯವರು ತಾವೇ ಒಂದು ಉಪಾಯ ಮಾಡಿಕೊಂಡಿದ್ದರು. ಎದುರುಬದುರಿನ ಮನೆಯವರು ಬೀದಿಗೆ ಅಡ್ಡಲಾಗಿ ವೈರು ಎಳೆದುಕೊಂಡು, ಕತ್ತಲಾದಾಗ ಒಂದೊಂದು ಬಲ್ಬಿನಷ್ಟು ಕರೆಂಟನ್ನು ಸಕ್ಕರೆ, ಕಾಫಿಪುಡಿ ಕೊಟ್ಟುಕೊಂಡ ಹಾಗೆ ಕೊಟ್ಟುಕೊಳ್ಳುತ್ತಿದ್ದರು. ಬಾಣಂತಿಯ ರೂಮಿನಲ್ಲಿ ದೀಪ ಆರಬಾರದೆಂದು ಗೋವಿಂದಮ್ಮ ಎದುರುಮನೆಯ ಶಂಶುನ್ನೀಸಾಳನ್ನು ಕೇಳಿದ್ದಳು. "ಅರೆ, ಇದನ್ನೂ ಕೇಳ್ಬೇಕಾ ಗೋವಿಂದಮ್ಮ? ಬಚ್ಚಾ ಇರೋ ಮನೆ ಅದು" ಅಂದ ಶಂಶುನ್ನೀಸಾ ತನ್ನ ಕಿಟಕಿಯ ಪಕ್ಕದ ಪ್ಲಗ್ಗಿನಿಂದ ವೈರು ಕೊಟ್ಟಿದ್ದಳು. ಅದು ಬೀದಿ ದಾಟಿ, ಶೀಟಿನ ಅಂಚಿನಲ್ಲೇ ಹಾದು, ಪೀರಮ್ಮನ ಬಲ್ಬಿಗೆ ಬಂದು ಸೇರಿತ್ತು. ಒಳ್ಳೆಯ ಮನಸ್ಸಿನಿಂದ ಎಳೆದ ವೈರು ಅದು, ಅದರಲ್ಲಿ ಎರಡು ಮಾತಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಕೆ.ಆರ್.ಪುರದ ಕಡೆಯಿಂದ ಮೋಡ ಎದ್ದು ಬಂತು. ಹಗಲೇ ಕತ್ತಲಾಯಿತು. ಮೊದಲು ಧೂಳು, ಆಮೇಲೆ ಆಲಿಕಲ್ಲು, ಆಮೇಲೆ ಎಂಥ ಗಾಳಿ ಅಂದರೆ ಗೋವಿಂದಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರೂ ಬಾಗಿಲು ಅವಳನ್ನೇ ತಳ್ಳುತ್ತಿತ್ತು. ಹೊರಗೆ ತಗಡು ಕಿತ್ತು ಬರುವ ಸದ್ದು ಕೇಳಿತು. ಕಲ್ಲುಗಳು ದಡದಡ ಉರುಳಿದವು.  ಕರೆಂಟು ಎರಡೂ ಸಾಲಿನಲ್ಲಿ ಒಟ್ಟಿಗೇ ಹೋಯಿತು.

ಗಾಳಿ ನಿಂತು ಹೊರಗೆ ಬಂದು ನೋಡಿದರೆ ಕೊನೆಯ ರೂಮಿನ ಎರಡು ಶೀಟು ಮೇಲಿರಲಿಲ್ಲ. ಒಂದು ಬೇಲಿಯ ಮೇಲೆ ಬಿದ್ದಿತ್ತು. ಇನ್ನೊಂದು ಅರ್ಧ ಮಗುಚಿಕೊಂಡು, ಒಂದು ತುದಿ ಗೋಡೆಯ ಮೇಲೆ, ಇನ್ನೊಂದು ತುದಿ ಪೀರಮ್ಮನ ತಗಡಿನ ಬಾಗಿಲಿಗೆ ಒರಗಿ ನಿಂತಿತ್ತು. ಒಳಗೆ ಶೀಟು ಉಳಿದಿದ್ದ ಮೂಲೆಯಲ್ಲಿ, ಮರದ ಮಂಚದ ಮೇಲೆ ಪೀರಮ್ಮ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿರುವುದು ಕಿಟಕಿಯಿಂದ ಕಂಡಿತು.

"ಯವ್ವಾ, ನಾವು ಆರಾಮದೀವ್ರಿ" ಅಂದಳು ಪೀರಮ್ಮ. 

ಆಗ ದುರ್ಗೇಶ ಕೆಲಸದ ಕಡೆಯಿಂದ ಒದ್ದೆಮುದ್ದೆಯಾಗಿ ಓಡಿಬಂದ. ಚಿಕ್ಕಮುನಿಯಪ್ಪ ಅಷ್ಟರಲ್ಲಾಗಲೇ ಕಬ್ಬಿಣದ ಏಣಿ ತಂದು ನಿಲ್ಲಿಸಿದ್ದ.

"ಇನ್ನೊಂದು ಮಳೆ ಬತ್ತಾ ಐತೆ, ಮೇಲೆ ನೋಡು ಹೆಂಗೆ ಕಪ್ಪಾಗೈತೆ. ಬಿರ್ರನೆ ಹತ್ತು ದುರ್ಗೇಶ. ಶೀಟು ಎತ್ತಿ ಮೇಲಿಟ್ಟು ಕಲ್ಲು ಹೇರ್ಬಿಡಾಣ. ಬಾಣಂತಿ ನೆನೀತಾಳೆ."

"ಹತ್ತತೀನ್ರಿ ಅಣ್ಣಾರ" ಅಂತ ದುರ್ಗೇಶ ಏಣಿಗೆ ಕೈಹಾಕಿದ.

"ಏಯ್, ನಿಲ್ಲಪ್ಪಾ! ಏಣಿ ಬಿಡು!"

ಗೇಟಿನ ಹತ್ತಿರ ಬಾಲಮ್ಮ ನಿಂತಿದ್ದಳು. ಬಾಲಮ್ಮ ಗೋವಿಂದಮ್ಮನ ಹಳೆಯ ಗೆಳತಿ, ಹೊಸ ತಿಪ್ಪಸಂದ್ರದವಳು. ಸ್ತ್ರೀಶಕ್ತಿ ಸಂಘದ ಸಭೆಗೆಂದು ಬಂದು, ಮಳೆಗೆ ಬೀದಿಯ ಮೂಲೆಯ ಅಂಗಡಿಯಲ್ಲಿ ನಿಂತಿದ್ದವಳು ಈಗ ಬಂದಿದ್ದಳು.

"ಯಾಕಮ್ಮ?" ಚಿಕ್ಕಮುನಿಯಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಮೇನ್ ಆಫ್ ಮಾಡಿದೀನಿ. ನಾನೇನು ಚಿಕ್ಕ ಮಗನಾ?"

"ಮಾಡಿದ್ದು ಒಳ್ಳೇದಾಯ್ತು ಅಣ್ಣಾ. ಆದ್ರೆ ಆ ಶೀಟಿನ ಕೆಳಗೆ ಸಿಕ್ಕೊಂಡಿದೆಯಲ್ಲ, ಆ ವೈರು ಯಾರದು?"

ಎಲ್ಲರೂ ನೋಡಿದರು. ಎದುರುಮನೆಯಿಂದ ಬಂದ ವೈರು ಬೀದಿಯ ಮೇಲೆ ಜೋತುಬಿದ್ದಿತ್ತು. ಅದರ ಈ ಕಡೆಯ ಭಾಗ ಮಗುಚಿದ ಶೀಟಿನ ಅಂಚಿಗೆ ಸಿಕ್ಕಿ, ಮೇಲಿನ ಪ್ಲಾಸ್ಟಿಕ್ಕು ಸುಲಿದು, ಒಳಗಿನ ತಾಮ್ರ ಕಾಣುತ್ತಿತ್ತು.

"ಅದಾ? ಶಂಶಕ್ಕನ ಮನೇದು" ಅಂದಳು ಗೋವಿಂದಮ್ಮ.

"ಅವರ ಮನೇಲೂ ಕರೆಂಟಿಲ್ಲ. ಬೀದಿಗೇ ಇಲ್ಲ. ಇಲ್ದಿರೋ ಕರೆಂಟು ಎಲ್ಲಿಂದ ಹೊಡೀತದೆ?" ಅಂದ ಚಿಕ್ಕಮುನಿಯಪ್ಪ.

"ಹೋಗಿರೋ ಕರೆಂಟು ಹೇಳಿ ಕೇಳಿ ವಾಪಸ್ ಬರುತ್ತಾ ಅಣ್ಣಾ? ನಿಮ್ಮ ಮೇನು ನಿಮ್ಮ ಮನೆ ಲೈನಿಗೆ. ಈ ವೈರಿಗೆ ನಿಮ್ಮ ಮೇನು ಲೆಕ್ಕಕ್ಕೇ ಇಲ್ಲ." ಬಾಲಮ್ಮ ಬಂದು ಏಣಿಗೆ ಅಡ್ಡ ನಿಂತಳು. "ನನ್ನ ತಮ್ಮ ಚಿನ್ನಪ್ಪನೂ ಮೇನ್ ಆಫ್ ಮಾಡೇ ಮೇಲೆ ಹತ್ತಿದ್ದ. ಪಕ್ಕದ ಮನೆಯವರು ಮೋಟರಿಗೆ ಅಂತ ಎಳೆದಿದ್ದ ವೈರು ಶೀಟಿಗೆ ತಾಗಿತ್ತು, ಯಾರೂ ನೋಡಿರ್ಲಿಲ್ಲ. ಕರೆಂಟು ವಾಪಸ್ ಬಂತು, ಅವನು ಮೇಲೇ ಜೀವ ಬಿಟ್ಟ, ಕೈಯಲ್ಲಿ ಸುತ್ತಿಗೆ ಹಂಗೇ ಇತ್ತು. ನಾನೇ ಕೆಳಗೆ ಏಣಿ ಹಿಡ್ಕೊಂಡಿದ್ದೆ."

ದುರ್ಗೇಶ ಏಣಿಯಿಂದ ಕೈ ತೆಗೆದ. ಚಿಕ್ಕಮುನಿಯಪ್ಪ ಮಾತ್ರ ಸುಮ್ಮನಾಗಲಿಲ್ಲ.

"ಸರಿ ತಾಯಿ, ಆ ಕೂಸು ನೆನೀಲಾ ಹಂಗಾದ್ರೆ?"

"ಯಾಕೆ ನೆನೀಬೇಕು? ಮೊದಲು ಅವರನ್ನ ಹೊರಗೆ ಕರ್ಕೊಂಡು ಬನ್ನಿ. ಒಣಗಿದ ಬಿದಿರಿನ ಗಳ ತಗೊಂಡು ಆ ಶೀಟನ್ನ ಬಾಗಿಲಿಂದ ಸರಿಸಿ, ತಾಯಿ ಮಗೂನ ನಿಮ್ಮ ಮನೆ ಒಳಗೆ ಕೂರಿಸಿ. ಸೂರು ನಾಳೆ ಹಾಕಿದ್ರಾಯ್ತು. ಗೋವಿಂದಮ್ಮ, ನಡಿಯೇ."

ಗೋವಿಂದಮ್ಮ ಗಂಡನ ಮುಖ ನೋಡಿದಳು. ಅವರ ನಡುಮನೆಯಲ್ಲಿ ಮುನೇಶ್ವರನ ಪೂಜೆಯ ಗೂಡಿತ್ತು. ಪುರುಡು ಕಳೆಯದ ಬಾಣಂತಿ ಅಲ್ಲಿಗೆ ಕಾಲಿಡುವುದೆಂದರೆ ಚಿಕ್ಕಮುನಿಯಪ್ಪ ಒಪ್ಪುವವನಲ್ಲ. ಅವನು ಬಾಯಿಬಿಟ್ಟು ಬೇಡವೆನ್ನಲಿಲ್ಲ, ನೆಲ ನೋಡುತ್ತಾ ನಿಂತ.  ಗೋವಿಂದಮ್ಮನ ಕಾಲೂ ಮುಂದಕ್ಕೆ ಬರಲಿಲ್ಲ. ಹನಿ ಮತ್ತೆ ಬೀಳತೊಡಗಿತು.

ಅವರು ಹಾಗೆ ನಿಂತಿದ್ದಾಗಲೇ ಎದುರು ಸಾಲಿಗೆ ಕರೆಂಟು ಬಂತು.

ಶಂಶುನ್ನೀಸಾಳ ಮನೆಯ ಟ್ಯೂಬ್‌ಲೈಟು ಹತ್ತಿಕೊಂಡಿತು, ಟೀವಿ ಜೋರಾಗಿ ಹಾಡತೊಡಗಿತು. ಅದೇ ಹೊತ್ತಿಗೆ ಇತ್ತ, ಮೇನು ಆಫಾಗಿದ್ದ ಸಾಲಿನಲ್ಲಿ, ಸೂರಿಲ್ಲದ ರೂಮಿನೊಳಗೆ, ಪೀರಮ್ಮನ ತಲೆಯ ಮೇಲೆ ಬಲ್ಬು ಉರಿಯಿತು. ಮಳೆಯ ಹನಿ ಅದರ ಮೇಲೆ ಬಿದ್ದು ಚುಂಯ್ ಅನ್ನುತ್ತಿತ್ತು. ಸುಲಿದ ವೈರು ತಗಡಿಗೆ ತಾಗಿದ್ದ ಕಡೆ ಚಟಪಟ ಕಿಡಿ ಹಾರಿತು.

 ಶೀಟಿನಲ್ಲಿ ಕರೆಂಟು. ಶೀಟು ಒರಗಿದ್ದ ಬಾಗಿಲಿನಲ್ಲಿ ಕರೆಂಟು. ಬಾಗಿಲ ಒಳಗಡೆ ಪೀರಮ್ಮ, ಎದೆಗವಚಿಕೊಂಡ ಕೂಸು, ನೆಲದ ತುಂಬ ನೀರು. 

"ಯವ್ವಾ, ಕೂಸಿನ ಮ್ಯಾಲ ನೀರ್ ಬೀಳಾಕತ್ತೈತ್ರಿ! ನಾ ಹೊರಗ ಬರ್ತೀನಿ" ಅಂತ ಪೀರಮ್ಮ ಮಂಚದಿಂದ ಕಾಲು ಇಳಿಬಿಟ್ಟಳು.

"ಬೇಡ! ಕಾಲು ಮೇಲಿಡು ತಾಯಿ, ಮೇಲಿಡು!" ಬಾಲಮ್ಮ ಗಂಟಲು ಹರಿಯುವ ಹಾಗೆ ಕೂಗಿದಳು. "ಮಂಚ ಬಿಟ್ಟು ಅಲ್ಲಾಡಬೇಡ. ಬಾಗಿಲು ಮುಟ್ಟಬೇಡ. ಕೂಸಿಗೆ ಕೌದಿ ಹೊದಿಸ್ಕೊಂಡು ಅಲ್ಲೇ ಕೂತಿರು!"

ದುರ್ಗೇಶ "ಪೀರೀ!" ಅಂತ ಬಾಗಿಲ ಕಡೆ ನುಗ್ಗಿದ. ಬಾಲಮ್ಮ, ಚಿಕ್ಕಮುನಿಯಪ್ಪ ಇಬ್ಬರೂ ಅವನ ಸೊಂಟಕ್ಕೆ ಕೈಹಾಕಿ ಹಿಂದಕ್ಕೆಳೆದರು.

"ಬಿಡ್ರೀ ನನ್ನ! ನನ್ ಹೇಣ್ತಿ ಅದಾಳ ಒಳಗ, ನನ್ ಕೂಸೈತಿ!"

"ನೀನು ಆ ಬಾಗಿಲು ಹಿಡಿದ್ರೆ ನಿನ್ನ ಬಿಡಿಸೋಕೆ ಇವರು ಬರ್ತಾರೆ, ಇವರನ್ನ ಬಿಡಿಸೋಕೆ ನಾನು ಬರ್ತೀನಿ. ಎಷ್ಟು ಹೆಣ ಬೇಕಪ್ಪಾ ಈ ಮನೆಗೆ?" ಅಂದಳು ಬಾಲಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಆ ಕಡೆ ಪ್ಲಗ್ಗು ಕೀಳ್ಬೇಕು. ಗೋವಿಂದಮ್ಮ, ಎದುರುಮನೆ!"

ಗೋವಿಂದಮ್ಮ "ಶಂಶಕ್ಕಾ! ಶಂಶಕ್ಕಾ!" ಎಂದು ಕೂಗಿದಳು. ಮಳೆಯ ಸದ್ದು, ಟೀವಿಯ ಹಾಡು. ಯಾರೂ ಇಣುಕಲಿಲ್ಲ. ಅವಳು ಬೀದಿಗೆ ಇಳಿಯಲು ಹೊರಟಳು. ಬೀದಿಯ ನಡುವೆ ನೀರು ನಿಂತಿತ್ತು, ವೈರು ಅದರ ಮೇಲೆಯೇ ಜೋತಾಡುತ್ತಿತ್ತು.

"ಅಲ್ಲಿ ಬೇಡ! ವೈರಿಂದ ದೂರ, ಮೇಲಿನ ಕಡೆಯಿಂದ ಸುತ್ಕೊಂಡು ಹೋಗು. ನೀರಿಗೆ ಇಳೀಬೇಡ!"

ಗೋವಿಂದಮ್ಮ ಬೀದಿಯ ಎತ್ತರದ ಕಡೆಗೆ ಓಡಿ, ಮನೆಗಳನ್ನು ದಾಟಿ, ಆ ಕಡೆಯಿಂದ ಇಳಿದು ಬಂದಳು. ಅವಳು ಹೀಗೆ ಓಡಿ ಎಷ್ಟು ಕಾಲವಾಗಿತ್ತೋ. ಪ್ರತಿ ಹೆಜ್ಜೆಗೂ ಪೀರಮ್ಮ ಕಾಲು ಕೆಳಗಿಟ್ಟಿರಬಹುದು, ಕೈ ಬಾಗಿಲ ಮೇಲಿಟ್ಟಿರಬಹುದು ಅಂತ ಅನ್ನಿಸುತ್ತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆಗಲೇ ಕರೆದಿದ್ದರೆ ಅವಳು ಈ ಹೊತ್ತಿಗೆ ನನ್ನ ಮನೆಯಲ್ಲಿರುತ್ತಿದ್ದಳಲ್ಲಾ, ನಾನು ಯಾಕೆ ಬಾಯಿಮುಚ್ಚಿಕೊಂಡು ನಿಂತೆ ಎಂದು ಅವಳ ಜೀವ ಹಿಂಡುತ್ತಿತ್ತು.

ಎರಡೂ ಕೈಯಿಂದ ಬಾಗಿಲು ಗುದ್ದಿದಳು. ಶಂಶುನ್ನೀಸಾ ತೆಗೆದಳು.

"ಶಂಶಕ್ಕಾ, ಮೇನ್... ನಮ್ಮ ವೈರು... ಬಾಣಂತಿ..."

ಶಂಶುನ್ನೀಸಾ ಯಾಕೆ ಏನು ಅಂತ ಕೇಳಲಿಲ್ಲ. ಗೋವಿಂದಮ್ಮ ಸ್ವಿಚ್ಚಿನ ಕಡೆ ಕೈಚಾಚಿದಾಗ ಮಾತ್ರ ಅವಳನ್ನು ತಳ್ಳಿ, "ಹಟ್ ಜಾ! ನಿನ್ ಕೈ ಒದ್ದೆ ಇದೆ" ಅಂದು ತಾನೇ ಮೇನು ಕೆಳಕ್ಕೆ ಎಳೆದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಟೀವಿ ನಿಂತಿತು. ಆಗ ಬೀದಿಯ ಆ ಕಡೆಯಿಂದ ಕೂಸು ಅಳುವ ಸದ್ದು ಕೇಳಿಸಿತು.

ಆ ಅಳು ಕೇಳಿ ಗೋವಿಂದಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು. 

ಬಲ್ಬು ಆರಿದ್ದರೂ ಬಾಲಮ್ಮ ಯಾರನ್ನೂ ನೇರವಾಗಿ ಮುಟ್ಟಲು ಬಿಡಲಿಲ್ಲ. ಮನೆಯೊಳಗಿಂದ ಒಣಗಿದ ಬಿದಿರಿನ ಗಳ ತರಿಸಿದಳು. ಶಂಶುನ್ನೀಸಾ ಪ್ಲಗ್ಗನ್ನು ಕಿಟಕಿಯಿಂದ ಎತ್ತಿ ತೋರಿಸಿದ ಮೇಲೆ, ದುರ್ಗೇಶ ರಬ್ಬರ್ ಚಪ್ಪಲಿ ಮೆಟ್ಟಿ ಒಣಹಲಗೆಯ ಮೇಲೆ ನಿಂತು, ಗಳದಿಂದ ವೈರನ್ನು ಪಕ್ಕಕ್ಕೆ ತಳ್ಳಿದ, ಶೀಟನ್ನು ಬಾಗಿಲಿನಿಂದ ಬೀಳಿಸಿದ. ಬಾಗಿಲು ತೆರೆದುಕೊಂಡಿತು.

ಪೀರಮ್ಮ ಹೊರಗೆ ಬಂದವಳು ಅಭ್ಯಾಸದಂತೆ ಮಾಲೀಕರ ಮನೆಯ ಜಗುಲಿಯ ತುದಿಯಲ್ಲೇ ನಿಂತುಕೊಂಡಳು, ಒಳಗೆ ಬರಲಿಲ್ಲ. ಚಿಕ್ಕಮುನಿಯಪ್ಪ ಅವಳನ್ನು ನೋಡಿದ. ತನ್ನ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಬಾಗಿಲಿನ ಎರಡೂ ರೆಕ್ಕೆ ಹಿಂದಕ್ಕೆ ತಳ್ಳಿ, "ಒಳಕ್ಕೆ ಬಾ ಮಗಾ. ಕೂಸು ಥಂಡಿ ಆಗೈತೆ, ನಡುಮನೇಲಿ ಮಲಗ್ಸು" ಅಂದ. ಅವಳು ಹಿಂಜರಿದಳು. "ದೇವ್ರಿಗೆ ನಾನು ಹೇಳ್ಕೋತೀನಿ. ಬಾ" ಅಂದ. ಗೋವಿಂದಮ್ಮ ಬರುವಷ್ಟರಲ್ಲಿ ಪೀರಮ್ಮ ಒಳಗೆ ಮಲಗಿದ್ದಳು, ಚಿಕ್ಕಮುನಿಯಪ್ಪ ಒಲೆ ಮುಂದೆ ಕೂತು ನೀರು ಕಾಯಿಸುತ್ತಿದ್ದ. ಮದುವೆಯಾದಾಗಿನಿಂದ ಅವನು ಒಲೆ ಮುಂದೆ ಕೂತದ್ದನ್ನು ಗೋವಿಂದಮ್ಮ ನೋಡಿದ್ದು ಅದೇ ಮೊದಲು.

ಬಾಲಮ್ಮ ಅಂಗಡಿಯ ಕಾಯಿನ್ ಬೂತಿನಿಂದ ಕರೆಂಟ್ ಆಫೀಸಿಗೆ ಫೋನು ಮಾಡಿದಳು. ಎರಡು ಕಡೆಯ ಲೈನೂ ಈ ಬೀದಿಯಲ್ಲಿ ಅಡ್ಡ ಹಾಯ್ದಿದೆ, ವೈರು ಸುಲಿದಿದೆ ಅಂತ ಬಿಡಿಸಿ ಹೇಳಿದಳು. ಲೈನ್‌ಮ್ಯಾನ್ ಬಂದು ಕಂಬದ ಮೇಲೆ ಲೈನು ತೆಗೆದು, ಬೀದಿಗೆ ಅಡ್ಡ ಇದ್ದ ವೈರುಗಳನ್ನೆಲ್ಲ ಬಿಚ್ಚಿಸುವವರೆಗೂ ಯಾರೂ ಕೊನೆಯ ರೂಮಿನ ಹತ್ತಿರ ಸುಳಿಯಲಿಲ್ಲ.

ಬೆಳಗ್ಗೆ ಚಿಕ್ಕಮುನಿಯಪ್ಪ ಪೊರಕೆ ಹಿಡಿದು ಅಂಗಳ ಗುಡಿಸಲು ಹೊರಟ. ರಾತ್ರಿ ಅಲ್ಲೇ ಉಳಿದಿದ್ದ ಬಾಲಮ್ಮ ಮತ್ತೆ ಅಡ್ಡ ಬಂದಳು.

"ಈಗೇನಮ್ಮಾ? ಈಗ್ಲೂ ಗುಡಿಸಂಗಿಲ್ವಾ?"

"ಮೊದಲು ಫೋಟೋ ಅಣ್ಣಾ. ಎಲ್ಲಾ ಕ್ಲೀನ್ ಮಾಡ್ಬಿಟ್ಟು ಆಮೇಲೆ ಪರಿಹಾರಕ್ಕೆ ಅರ್ಜಿ ಕೊಟ್ರೆ, ಏನು ಹಾಳಾಗಿತ್ತು ಅಂತ ಯಾರು ನಂಬ್ತಾರೆ?"

ಸ್ಟುಡಿಯೋ ಜಗದೀಶ ಬಂದು ಬಿದ್ದ ಶೀಟು, ಸೂರಿಲ್ಲದ ರೂಮು, ನೆಂದ ಬಟ್ಟೆಬರೆಗಳ ಫೋಟೋ ತೆಗೆದ. ಅರ್ಜಿಯಲ್ಲಿ ತನ್ನ ಶೀಟಿನ ಜೊತೆಗೆ ಬಾಡಿಗೆಯವರ ಪಾತ್ರೆಪಗಡೆ, ಅಕ್ಕಿಬೇಳೆ ಹಾಳಾದದ್ದನ್ನೂ ಬರೆಸಬೇಕು ಅಂತ ಗೋವಿಂದಮ್ಮ ಪಟ್ಟುಹಿಡಿದಳು. ಆಮೇಲೆ ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಂದು ಮೂಲೆ ನೀರು ಕುಡಿದು ಸಡಿಲಾಗಿತ್ತು. ಅದು ಒಣಗಿ, ಮತ್ತೆ ಕಟ್ಟುವವರೆಗೂ ಮೇಲೆ ಭಾರ ಹಾಕಬೇಡಿ ಅಂದ. ನೀರಿನ ಸಂಪಿನೊಳಗೆ ಬೀದಿಯ ನೀರು ನುಗ್ಗಿದ್ದರಿಂದ ಅದನ್ನು ಖಾಲಿ ಮಾಡಿ ತೊಳೆಸಿದರು. ಅಲ್ಲಿಯವರೆಗೆ ಕುಡಿಯುವ ನೀರನ್ನು ಹೊರಗಿಂದ ತಂದು ಕಾಯಿಸಿ ಆರಿಸಿ ಕುಡಿದರು.

ಹೊಸ ಶೀಟು ಬಂದಾಗ ಚಿಕ್ಕಮುನಿಯಪ್ಪ ಹಳೆಯ ಕಲ್ಲುಗಳ ಕಡೆ ಆಸೆಯಿಂದ ಒಮ್ಮೆ ನೋಡಿದ. "ಆ ಕಲ್ಲು ಕೂಸಿನ ಮೇಲೆ ಬಿದ್ದಿದ್ರೆ?" ಅಂದಳು ಗೋವಿಂದಮ್ಮ.  ಅವನು ಶೀಟನ್ನು ಕಬ್ಬಿಣದ ಪೈಪಿಗೆ ಹುಕ್ಕು ಹಾಕಿ ನಟ್ಟು ಬಿಗಿಸಿದ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಳಗಿನ ವೈರಿಂಗು ಪೂರ್ತಿ ನೋಡಿಸಿದ ಮೇಲೇ ಮೇನು ಹಾಕಿದ. ಬಾಣಂತಿಯ ರೂಮಿಗೆ ಈಗ ಶಂಶುನ್ನೀಸಾ ಕೊಟ್ಟ ಎಮರ್ಜೆನ್ಸಿ ಲ್ಯಾಂಪು ಬಂದಿದೆ, ಅದಕ್ಕೆ ಬೀದಿ ದಾಟುವ ವೈರು ಬೇಕಿಲ್ಲ.

ಗೋವಿಂದಮ್ಮನಿಗೆ ಮಾತ್ರ ಭಯ ಪೂರ್ತಿ ಹೋಗಿಲ್ಲ. ಮೋಡ ಕಟ್ಟಿದರೆ ಸಾಕು, ಅವಳು ಮೊದಲು ಬಾಡಿಗೆ ರೂಮುಗಳ ಬಾಗಿಲು ತಟ್ಟುತ್ತಾಳೆ. "ಎಲ್ರೂ ನಮ್ಮನೇಗೆ ಬಂದ್ಬಿಡಿ" ಅನ್ನುತ್ತಾಳೆ. ಅವಳ ಗಂಡ ಬಾಗಿಲು ತೆರೆದುಕೊಂಡು ನಿಂತಿರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮನೆ ಕಟ್ಟಿಸಿದವರೇ, ಬಾಡಿಗೆಗೆ ಬಿಟ್ಟವರೇ, ಇದನ್ನು ಓದಿದ ಮೇಲೆ ಒಂದು ಸಲ ಎದ್ದು ಹೊರಗೆ ಬನ್ನಿ. ನಿಮ್ಮ ಸೂರಿಗೆ ಎಷ್ಟು ಕಡೆಯಿಂದ ವೈರು ಬಂದಿದೆ ಎಣಿಸಿ ನೋಡಿ. ನಿಮ್ಮ ಮೇನಿಗೆ ಸೇರದ ಒಂದೇ ಒಂದು ವೈರಿದ್ದರೂ ಇವತ್ತೇ, ಮಳೆಗೆ ಮೊದಲೇ, ತಿಳಿದವರಿಂದ ತೆಗೆಸಿ. ಗಾಳಿಮಳೆಗೆ ಮನೆಗೆ ಪೆಟ್ಟು ಬಿದ್ದರೆ ಮೊದಲು ಮನುಷ್ಯರನ್ನು ಹೊರಗೆ ತನ್ನಿ, ಯಾರೇ ಆಗಲಿ ಒಳಗೆ ಕರೆಯಿರಿ. ಕರೆಂಟು ಹೋಗಿದೆ ಅಂತ ಬಿದ್ದ ತಂತಿಯನ್ನಾಗಲಿ, ಅದು ತಾಗಿದ ತಗಡನ್ನಾಗಲಿ ಮುಟ್ಟಬೇಡಿ, ದೂರ ನಿಂತು ಕರೆಂಟ್ ಆಫೀಸಿಗೆ ಹೇಳಿ. ಒದ್ದೆ ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಗುಡಿಸುವ ಮೊದಲು ಫೋಟೋ ತೆಗೆಸಿ, ಗೋಡೆ ನೋಡಿಸಿ, ಆಮೇಲೆ ಸೂರು ಹೊದಿಸಿ.

ಗೋವಿಂದಮ್ಮ ಹಿಂದೆಮುಂದೆ ನೋಡುತ್ತಾ ನಿಂತದ್ದು ಸ್ವಲ್ಪವೇ ಹೊತ್ತು. ಅವಳ ಅದೃಷ್ಟ, ಕೂಸಿನ ಅಳು ಕೇಳಿಸಿತು. ಬಾಲಮ್ಮನ ತಮ್ಮ ಚಿನ್ನಪ್ಪನ ಮನೆಯವರಿಗೆ ಅಂಥ ಯಾವ ಸದ್ದೂ ಕೇಳಿಸಲಿಲ್ಲ. ನೀವು ನಿಂತು ನೋಡಬೇಡಿ.